ಕೈಪಿಡಿಯೊಳಗಿನ ಚರಿತ್ರೆ: ಅಮೆರಿಕದ ಕ್ಯಾಥೊಲಿಕ್ ಶಾಲೆಗಳು ಮತ್ತು ನಾವು

ಅಮೆರಿಕದಲ್ಲಿ ಮಕ್ಕಳನ್ನು ಕ್ಯಾಥೊಲಿಕ್ ಶಾಲೆಗೆ ಸೇರಿಸಿದ ಪ್ರತಿಯೊಂದು ಕುಟುಂಬಕ್ಕೂ ಬೇಸಿಗೆಯ ರಜೆ ಮುಗಿಯುವ ಹೊತ್ತಿಗೆ ಶಾಲೆಯಿಂದ ಒಂದು ಕೈಪಿಡಿ ಬರುತ್ತದೆ. ಹಿಂದೆ ಅದು ಅಚ್ಚಾದ ಪುಸ್ತಕವಾಗಿರುತ್ತಿತ್ತು. ಈಗ ಬಹುಮಟ್ಟಿಗೆ ಗಣಕಯಂತ್ರದ ಪರದೆಯ ಮೇಲೆಯೇ ಬರುತ್ತದೆ. ಶುಲ್ಕ, ಸಮವಸ್ತ್ರ, ಹಾಜರಾತಿ, ಬಸ್ಸು, ಮಧ್ಯಾಹ್ನದ ಊಟ, ಧರ್ಮಬೋಧೆ, ಪೋಷಕರು ಸಲ್ಲಿಸಬೇಕಾದ ಸೇವೆಯ ಗಂಟೆಗಳು ಎಂದು ಅದರಲ್ಲಿ ಅಧ್ಯಾಯಗಳಿರುತ್ತವೆ. ಕೊನೆಯಲ್ಲಿ ವರ್ಷದ ವೇಳಾಪಟ್ಟಿ. ಅದರ ಹಿಂದೆ, ಎಲ್ಲವನ್ನೂ ಓದಿ ಒಪ್ಪಿದ್ದೇವೆ ಎಂದು ತಂದೆತಾಯಿಯರು ರುಜು ಹಾಕಬೇಕಾದ ಒಂದು ಹಾಳೆ. ನಮ್ಮಲ್ಲಿ ಬಹುಪಾಲು ಮಂದಿ ರಜೆಯ ದಿನಗಳನ್ನು ಮಾತ್ರ ಗುರುತು ಹಾಕಿಕೊಂಡು, ರುಜು ಮಾಡಿ, ಉಳಿದದ್ದನ್ನು ಮರೆಯುವುದು ವಾಡಿಕೆ.

ನನ್ನ ಇಬ್ಬರು ಮಕ್ಕಳು ಮಧ್ಯಪಶ್ಚಿಮ ಅಮೆರಿಕದ ಒಂದು ಊರಿನಲ್ಲಿ ಇಂಥ ಶಾಲೆಯೊಂದರಲ್ಲಿ ಎಂಟನೆಯ ತರಗತಿಯವರೆಗೆ ಓದಿದರು. ಬಿ.ಎ. ತರಗತಿಯಲ್ಲಿ ಚರಿತ್ರೆಯನ್ನು ಐಚ್ಛಿಕವಾಗಿ ಓದಿದ್ದ ನನಗೆ, ವರ್ಷವರ್ಷವೂ ಆ ಕೈಪಿಡಿಯನ್ನು ನೋಡುತ್ತ ನೋಡುತ್ತ, ಅದರ ಒಂದೊಂದು ನಿಯಮದ ಹಿಂದೆಯೂ ಯಾವುದೋ ಒಂದು ವಲಸೆ, ಒಂದು ಜಗಳ ಅಥವಾ ಒಂದು ನ್ಯಾಯಾಲಯದ ತೀರ್ಪು ಅಡಗಿದೆಯೆಂಬುದು ಕ್ರಮೇಣ ತಿಳಿಯತೊಡಗಿತು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ಚಿಂತೆ ನಮಗೇ ಮೊದಲು ಬಂದದ್ದಲ್ಲ. ನಮಗಿಂತ ನೂರೈವತ್ತು ವರ್ಷ ಮುಂಚೆ ಇದೇ ಚಿಂತೆಯನ್ನು ಹೊತ್ತು ಬಂದವರು ಅದಕ್ಕೆ ಕಂಡುಕೊಂಡ ಉತ್ತರವೇ ಈ ಶಾಲೆ. ಅವರು ಏನನ್ನು ಉಳಿಸಿಕೊಂಡರು, ಏನನ್ನು ಕಳೆದುಕೊಂಡರು ಎಂಬುದನ್ನು ಈ ಸಮ್ಮೇಳನದ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕಾನ್ವೆಂಟು ಮತ್ತು ಧರ್ಮಕೇಂದ್ರದ ಶಾಲೆ

ನಮ್ಮ ನಾಡಿನಲ್ಲಿ ‘ಕಾನ್ವೆಂಟ್’ ಎಂದರೆ ಇಂಗ್ಲಿಷ್ ಮಾಧ್ಯಮದ ಶಾಲೆ ಎಂಬ ಅರ್ಥವೇ ನಿಂತುಹೋಗಿದೆ. ಆ ಶಬ್ದದ ಮೂಲ ಅರ್ಥ ಸನ್ಯಾಸಿನಿಯರ ಮಠ. ಗುಡ್ ಶೆಫರ್ಡ್ ಸಭೆಯ ಸನ್ಯಾಸಿನಿಯರು 1854ರಲ್ಲಿ ಬೆಂಗಳೂರಿಗೆ ಬಂದರು. ಅಪೋಸ್ತಲಿಕ್ ಕಾರ್ಮೆಲ್ ಸಭೆಯವರು 1870ರಲ್ಲಿ ಮಂಗಳೂರಿಗೆ ಬಂದು ಸಂತ ಆನ್ನರ ಹೆಸರಿನ ಶಾಲೆಯನ್ನು ನಡೆಸಿದರು. ಅದೇ ಊರಿನಲ್ಲಿ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾಯಿತು. ಮತಭೇದವಿಲ್ಲದೆ ಕನ್ನಡ ನಾಡಿನ ಅನೇಕ ತಲೆಮಾರುಗಳ ಮಕ್ಕಳು ಇಂಥ ಸಂಸ್ಥೆಗಳಲ್ಲಿ ಓದಿದರು. ಆದರೆ ತಂದೆತಾಯಿಯರಿಗೂ ಶಾಲೆಗೂ ಇದ್ದ ಸಂಬಂಧ ಬಹುಮಟ್ಟಿಗೆ ಗೇಟಿನವರೆಗಿನದು. ಶುಲ್ಕ ಕಟ್ಟಿ, ಮಗುವನ್ನು ಒಳಗೆ ಕಳುಹಿಸಿ, ಹಿಂತಿರುಗಿದರೆ ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯುತ್ತಿತ್ತು.

ಈ ಭಾವನೆಯನ್ನೇ ಹೊತ್ತು ಅಮೆರಿಕದ ಕ್ಯಾಥೊಲಿಕ್ ಶಾಲೆಗೆ ಹೋದ ಕನ್ನಡ ಪೋಷಕರಿಗೆ ಕೈಪಿಡಿ ಓದಿದಾಗ ಆಶ್ಚರ್ಯವಾಗುತ್ತದೆ. ಶುಲ್ಕ ಕಟ್ಟಿದ ಮೇಲೂ ವರ್ಷಕ್ಕೆ ಇಷ್ಟು ಗಂಟೆ ಊಟದ ಮನೆಯಲ್ಲಿ ಬಡಿಸಬೇಕು, ಆಟದ ಬಯಲನ್ನು ಕಾಯಬೇಕು, ಜಾತ್ರೆಯಲ್ಲಿ ಅಂಗಡಿ ನಿಲ್ಲಿಸಬೇಕು. ಇಲ್ಲವಾದರೆ ಅದಕ್ಕೆ ಪ್ರತಿಯಾಗಿ ಹಣ ಸಲ್ಲಿಸಬೇಕು ಎಂದು ಅನೇಕ ಶಾಲೆಗಳಲ್ಲಿ ನಿಯಮವುಂಟು. ಇದರ ಕಾರಣ ಚರಿತ್ರೆಯಲ್ಲಿದೆ. ನಮ್ಮಲ್ಲಿ ಮಿಷನರಿಗಳು ಹೊರಗಿನಿಂದ ಬಂದು ಶಾಲೆ ಕಟ್ಟಿದರು. ಇಲ್ಲಿ ಬಡ ವಲಸಿಗರು ತಮ್ಮ ಮಕ್ಕಳಿಗಾಗಿ ತಾವೇ ಕಟ್ಟಿಕೊಂಡರು. ಒಂದು ಚರ್ಚು, ಅದನ್ನು ಸುತ್ತುವರಿದ ಕುಟುಂಬಗಳು, ಚರ್ಚಿನ ಪಕ್ಕದಲ್ಲಿ ಶಾಲೆ, ಶಾಲೆಯ ಪಕ್ಕದಲ್ಲಿ ಸನ್ಯಾಸಿನಿಯರ ಮನೆ. ಇದನ್ನು ಒಟ್ಟಾಗಿ ಪ್ಯಾರಿಷ್ ಎನ್ನುತ್ತಾರೆ. ಕನ್ನಡ ಕ್ರೈಸ್ತರು ಇದಕ್ಕೆ ‘ಧರ್ಮಕೇಂದ್ರ’ ಎಂಬ ಸೊಗಸಾದ ಹೆಸರಿಟ್ಟಿದ್ದಾರೆ. ಧರ್ಮಕೇಂದ್ರದ ಶಾಲೆಯಲ್ಲಿ ಪೋಷಕರು ಗಿರಾಕಿಗಳಲ್ಲ, ಪಾಲುದಾರರು.

ಒಬ್ಬ ವಿಧವೆಯ ಸಾಹಸ

1727ರಲ್ಲಿ ಫ್ರಾನ್ಸಿನಿಂದ ಬಂದ ಉರ್ಸುಲೈನ್ ಸನ್ಯಾಸಿನಿಯರು ನ್ಯೂ ಆರ್ಲಿಯನ್ಸ್ ನಗರದಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಸ್ಥಾಪಿಸಿದರು. ಆ ಶಾಲೆ ಇಂದಿಗೂ ನಡೆಯುತ್ತಿದೆ. ಆದರೂ ಅಮೆರಿಕದ ಧರ್ಮಕೇಂದ್ರ ಶಾಲೆಗಳ ಚರಿತ್ರೆಯನ್ನು ಹೇಳುವವರು ಎಲಿಜಬೆತ್ ಆನ್ ಸೀಟನ್ ಎಂಬ ಮಹಿಳೆಯಿಂದ ಆರಂಭಿಸುವುದು ರೂಢಿ. 1774ರಲ್ಲಿ ನ್ಯೂಯಾರ್ಕಿನ ಅನುಕೂಲಸ್ಥ ಪ್ರಾಟೆಸ್ಟಂಟ್ ಮನೆತನದಲ್ಲಿ ಹುಟ್ಟಿದ ಆಕೆ 1803ರಲ್ಲಿ ಪತಿಯನ್ನು ಕಳೆದುಕೊಂಡಾಗ ಆಕೆಗೆ ಐವರು ಮಕ್ಕಳಿದ್ದರು. 1805ರಲ್ಲಿ ಆಕೆ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದಾಗ ಬಂಧುಬಳಗದಲ್ಲಿ ಅನೇಕರು ದೂರವಾದರು. 1809ರಲ್ಲಿ ಮೇರಿಲ್ಯಾಂಡಿನ ಎಮಿಟ್ಸ್‌ಬರ್ಗ್ ಎಂಬ ಹಳ್ಳಿಗೆ ಬಂದು ನೆಲೆಸಿ, ಸನ್ಯಾಸಿನಿಯರ ಸಭೆಯೊಂದನ್ನು ಕಟ್ಟಿ, 1810ರಲ್ಲಿ ಬಡ ಹೆಣ್ಣುಮಕ್ಕಳಿಗೆ ಉಚಿತ ಶಾಲೆಯನ್ನು ತೆರೆದರು. 1821ರಲ್ಲಿ ತೀರಿಕೊಂಡ ಆಕೆಯನ್ನು 1975ರಲ್ಲಿ ಸಂತರೆಂದು ಘೋಷಿಸಲಾಯಿತು. ಅಮೆರಿಕದ ನೆಲದಲ್ಲಿ ಹುಟ್ಟಿ ಆ ಪದವಿಗೆ ಏರಿದವರಲ್ಲಿ ಆಕೆಯೇ ಮೊದಲಿಗರು. ಮನೆಯಲ್ಲಿ ಐದು ಮಕ್ಕಳನ್ನಿಟ್ಟುಕೊಂಡು ಊರಿನ ಮಕ್ಕಳಿಗಾಗಿ ಶಾಲೆ ಕಟ್ಟಿದ ಆ ತಾಯಿಯ ಹೆಸರು ನಮ್ಮ ಗೃಹಿಣಿಯರಿಗೆ ಪರಿಚಯವಾಗಬೇಕು.

ಮುಂದಿನ ಘಟ್ಟ ಕಲಹದ್ದು. 1830 ಮತ್ತು 1840ರ ದಶಕಗಳಲ್ಲಿ ಸಾರ್ವಜನಿಕ ಶಾಲೆಗಳು ಬೆಳೆಯತೊಡಗಿದಾಗ ಅವು ಎಲ್ಲರಿಗೂ ಸಮಾನವೆಂದು ಹೇಳಲಾಗುತ್ತಿತ್ತಾದರೂ ಅಲ್ಲಿ ಪ್ರಾಟೆಸ್ಟಂಟರ ಬೈಬಲ್ಲನ್ನೇ ಓದಿಸಲಾಗುತ್ತಿತ್ತು. ಪಠ್ಯಪುಸ್ತಕಗಳಲ್ಲಿ ಪೋಪರನ್ನು ಹೀಗಳೆಯುವ ಮಾತುಗಳಿದ್ದವು. ನ್ಯೂಯಾರ್ಕಿನ ಬಿಷಪ್ ಜಾನ್ ಹ್ಯೂಸ್ ಶಾಲಾನಿಧಿಯಲ್ಲಿ ತಮಗೂ ಪಾಲು ಬೇಕೆಂದು 1840ರಿಂದ ಹೋರಾಡಿದರು. 1842ರ ಕಾನೂನು ಅದನ್ನು ನಿರಾಕರಿಸಿತು. ತರುವಾಯ ಅವರು ತಮ್ಮದೇ ಶಾಲೆಗಳನ್ನು ಕಟ್ಟಿಸಲು ಹೊರಟರು. ಫಿಲಡೆಲ್ಫಿಯದಲ್ಲಿ ಬಿಷಪ್ ಕೆನ್ರಿಕ್ ಅವರು ಕ್ಯಾಥೊಲಿಕ್ ಮಕ್ಕಳಿಗೆ ತಮ್ಮ ಬೈಬಲ್ಲನ್ನು ಓದಲು ಅವಕಾಶ ಕೊಡಿರೆಂದು ಕೇಳಿದ್ದು ದೊಡ್ಡ ವಿವಾದವಾಗಿ, 1844ರಲ್ಲಿ ನಗರದಲ್ಲಿ ಗಲಭೆಯೆದ್ದಿತು. ಐರಿಷ್ ವಲಸಿಗರ ಮನೆಗಳೂ ಎರಡು ಚರ್ಚುಗಳೂ ಸುಟ್ಟುಹೋದವು, ಹಲವರು ಸತ್ತರು. ಮಗು ಶಾಲೆಯಲ್ಲಿ ಯಾವ ಪುಸ್ತಕವನ್ನು ಓದಬೇಕೆಂಬ ಪ್ರಶ್ನೆಗೆ ಬೀದಿಯಲ್ಲಿ ರಕ್ತ ಹರಿಯಿತು.

ಅದೇ ನಗರಕ್ಕೆ 1852ರಲ್ಲಿ ಬಿಷಪ್ ಆಗಿ ಬಂದ ಜಾನ್ ನ್ಯೂಮನ್ ಅವರೂ ಬೊಹೀಮಿಯದಿಂದ ವಲಸೆ ಬಂದವರು. ಧರ್ಮಕೇಂದ್ರಗಳ ಶಾಲೆಗಳನ್ನೆಲ್ಲ ಒಂದು ವ್ಯವಸ್ಥೆಯೊಳಗೆ ತಂದ ಕೀರ್ತಿ ಅವರದು. ಕೊನೆಗೆ 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಬಿಷಪ್ಪರ ಮೂರನೆಯ ಮಹಾಸಭೆ, ಪ್ರತಿಯೊಂದು ಚರ್ಚಿನ ಬಳಿಯಲ್ಲೂ ಎರಡು ವರ್ಷದೊಳಗೆ ಶಾಲೆಯಿರಬೇಕು, ತಂದೆತಾಯಿಯರು ಮಕ್ಕಳನ್ನು ಅಲ್ಲಿಗೇ ಕಳುಹಿಸಬೇಕು ಎಂದು ವಿಧಿಸಿತು. ಈ ಆಜ್ಞೆ ಎಲ್ಲೆಡೆಯೂ ನೆರವೇರಲಿಲ್ಲ. ಅನೇಕ ಕಡೆ ಹಣವಿರಲಿಲ್ಲ. ಆದರೂ ಇಂದು ನಾವು ಕಾಣುವ ಶಾಲೆಗಳ ಜಾಲಕ್ಕೆ ಅದೇ ತಳಹದಿ.

ಶುಲ್ಕದ ಅಧ್ಯಾಯ

ಕೈಪಿಡಿಯ ಶುಲ್ಕದ ಪುಟದಲ್ಲಿ ಸಾಮಾನ್ಯವಾಗಿ ಎರಡು ದರಗಳಿರುತ್ತವೆ: ಧರ್ಮಕೇಂದ್ರದ ಸದಸ್ಯರಿಗೆ ಒಂದು, ಇತರರಿಗೆ ಇನ್ನೊಂದು. ಇತರರ ದರ ಹೆಚ್ಚು. ನಮ್ಮವರಲ್ಲಿ ಕೆಲವರು ಇದನ್ನು ಮತಭೇದವೆಂದು ತಿಳಿಯುವುದುಂಟು. ಅದರ ಲೆಕ್ಕಾಚಾರ ಬೇರೆ. ಧರ್ಮಕೇಂದ್ರದ ಸದಸ್ಯರು ಪ್ರತಿ ಭಾನುವಾರ ಲಕೋಟೆಯಲ್ಲಿ ಹಾಕುವ ಕಾಣಿಕೆಯ ಒಂದು ಭಾಗ ಶಾಲೆಗೆ ಸಲ್ಲುತ್ತದೆ. ಮಕ್ಕಳಿಲ್ಲದ ಮುದುಕರ ಕಾಣಿಕೆಯೂ ಅದರಲ್ಲಿ ಸೇರಿರುತ್ತದೆ. ಬಹುಕಾಲ ಅನೇಕ ಊರುಗಳಲ್ಲಿ ಸದಸ್ಯರ ಮಕ್ಕಳಿಗೆ ಶುಲ್ಕವೇ ಇರಲಿಲ್ಲ, ಇದ್ದರೂ ನಾಮಮಾತ್ರಕ್ಕೆ.

ಆ ಅಗ್ಗದ ವಿದ್ಯೆಯ ನಿಜವಾದ ಬೆಲೆಯನ್ನು ತೆತ್ತವರು ಸನ್ಯಾಸಿನಿಯರು. 1950ರಲ್ಲಿ ಈ ಶಾಲೆಗಳ ಬೋಧಕರಲ್ಲಿ ನೂರಕ್ಕೆ ಸುಮಾರು 90 ಮಂದಿ ಧಾರ್ಮಿಕ ಸಭೆಗಳಿಗೆ ಸೇರಿದವರು. ಅವರಲ್ಲಿ ಬಹುಪಾಲು ಹೆಂಗಸರು. ಅವರಿಗೆ ಸಂದುದು ಮಠದ ಖರ್ಚಿಗೆ ಸಾಲುವಷ್ಟು ಗೌರವಧನ ಮಾತ್ರ. ನನ್ನ ಮಕ್ಕಳ ಶಾಲೆಯಲ್ಲಿ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ವೃದ್ಧ ಸಿಸ್ಟರ್ ಒಬ್ಬರಿದ್ದರು. ತಾವು ಪಾಠ ಹೇಳಲು ತೊಡಗಿದ ಕಾಲದಲ್ಲಿ ಒಂದೇ ಕೋಣೆಯಲ್ಲಿ 58 ಮಕ್ಕಳಿದ್ದರೆಂದು ಅವರು ನನಗೆ ಒಮ್ಮೆ ಹೇಳಿದರು. “ಎಲ್ಲರ ಹೆಸರೂ ನೆನಪಿತ್ತೇ?” ಎಂದು ಕೇಳಿದೆ. “ಅವರ ತಾಯಂದಿರ ಹೆಸರೂ ನೆನಪಿತ್ತು” ಎಂದರು. 1965ರಲ್ಲಿ ಅಮೆರಿಕದಲ್ಲಿ ಸುಮಾರು 1,80,000 ಸನ್ಯಾಸಿನಿಯರಿದ್ದರು. ಇಂದು ಅವರ ಸಂಖ್ಯೆ 40,000ಕ್ಕಿಂತ ಕಡಿಮೆ, ಅವರಲ್ಲಿ ಹೆಚ್ಚಿನವರು ವೃದ್ಧರು. 1988ರಿಂದ ಪ್ರತಿ ವರ್ಷ ದೇಶದ ಚರ್ಚುಗಳಲ್ಲಿ ನಿವೃತ್ತ ಸನ್ಯಾಸಿನಿಯರ ಮತ್ತು ಸನ್ಯಾಸಿಗಳ ಪೋಷಣೆಗಾಗಿ ಕಾಣಿಕೆ ಸಂಗ್ರಹಿಸುತ್ತಾರೆ. ದುಡಿಯುವ ವಯಸ್ಸಿನಲ್ಲಿ ಕೊಡದಿದ್ದ ಸಂಬಳದ ಬಾಕಿಯೆಂದೇ ಅದನ್ನು ತಿಳಿಯಬಹುದು. ಇಂದು ಬೋಧಕರು ಹೆಚ್ಚುಕಡಿಮೆ ಎಲ್ಲರೂ ಗೃಹಸ್ಥರು. ಅವರಿಗೆ ಸಂಬಳ ಕೊಡಲೇಬೇಕು. ಶುಲ್ಕ ಏರಿದುದಕ್ಕೆ ಮುಖ್ಯ ಕಾರಣ ಇದೇ.

ಬಸ್ಸಿನ ನಿಯಮ ಮತ್ತು ನ್ಯಾಯಾಲಯ

ಈ ಶಾಲೆಗಳು ಉಳಿದುಕೊಂಡದ್ದೇ ನ್ಯಾಯಾಲಯದ ದಯೆಯಿಂದ ಎಂದರೆ ತಪ್ಪಾಗಲಾರದು. 1922ರಲ್ಲಿ ಆರೆಗಾನ್ ರಾಜ್ಯದ ಮತದಾರರು, 8ರಿಂದ 16 ವರ್ಷದ ಮಕ್ಕಳು ಸಾರ್ವಜನಿಕ ಶಾಲೆಗೇ ಹೋಗಬೇಕೆಂಬ ಕಾನೂನನ್ನು ಅಂಗೀಕರಿಸಿದರು. ಕೂ ಕ್ಲಕ್ಸ್ ಕ್ಲಾನ್ ಎಂಬ ಕುಖ್ಯಾತ ಸಂಘವೂ ಅದನ್ನು ಬೆಂಬಲಿಸಿತ್ತು. ಅದು ಜಾರಿಯಾಗಿದ್ದರೆ ಕ್ಯಾಥೊಲಿಕ್ ಶಾಲೆಗಳೆಲ್ಲ ಆ ರಾಜ್ಯದಲ್ಲಿ ಮುಚ್ಚಬೇಕಾಗುತ್ತಿತ್ತು. ಯೇಸು ಮತ್ತು ಮರಿಯಳ ಪವಿತ್ರ ನಾಮಗಳ ಸಭೆಯ ಸನ್ಯಾಸಿನಿಯರು ನ್ಯಾಯಾಲಯಕ್ಕೆ ಹೋದರು. 1925ರ ಜೂನ್ 1ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಅವರ ಪರವಾಗಿ ತೀರ್ಪಿತ್ತಿತು. ಮಗು ಸರ್ಕಾರದ ಸೊತ್ತಲ್ಲ, ಅದರ ಶಿಕ್ಷಣವನ್ನು ನಿರ್ದೇಶಿಸುವ ಹಕ್ಕು ಹಾಗೂ ಹೊಣೆ ಹೆತ್ತವರದು ಎಂಬುದು ಆ ತೀರ್ಪಿನ ತಾತ್ಪರ್ಯ.

ಬಸ್ಸಿನ ಮಾತೂ ಹೀಗೆಯೇ. ಕೆಲವು ರಾಜ್ಯಗಳಲ್ಲಿ ಸಾರ್ವಜನಿಕ ಶಾಲೆಯ ಹಳದಿ ಬಸ್ಸು ಕ್ಯಾಥೊಲಿಕ್ ಶಾಲೆಯ ಮಕ್ಕಳನ್ನೂ ಕರೆದೊಯ್ಯುತ್ತದೆ. ಕೆಲವು ಕಡೆ ಒಯ್ಯುವುದಿಲ್ಲ. 1947ರಲ್ಲಿ ನ್ಯೂಜೆರ್ಸಿಯ ಮೊಕದ್ದಮೆಯೊಂದರಲ್ಲಿ, ಮಕ್ಕಳ ಬಸ್ಸಿನ ಖರ್ಚನ್ನು ಸಾರ್ವಜನಿಕ ಹಣದಿಂದ ಭರಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು 5–4ರ ಬಹುಮತದಿಂದ ತೀರ್ಮಾನವಾಯಿತು. ಕೊಡಲೇಬೇಕೆಂದು ಹೇಳಲಿಲ್ಲವಾದ್ದರಿಂದ ರಾಜ್ಯಕ್ಕೊಂದು ನೀತಿ. 1968ರಲ್ಲಿ ಪಠ್ಯಪುಸ್ತಕಗಳನ್ನು ಎರವಲು ಕೊಡುವುದಕ್ಕೆ ಒಪ್ಪಿಗೆ ದೊರೆಯಿತು. ಆದರೆ 1971ರಲ್ಲಿ ಶಿಕ್ಷಕರ ಸಂಬಳಕ್ಕೆ ಸರ್ಕಾರದ ಹಣ ಸಲ್ಲದು ಎಂದು ತೀರ್ಪಾಯಿತು. 2002ರಲ್ಲಿ ಕ್ಲೀವ್‌ಲ್ಯಾಂಡಿನ ಮೊಕದ್ದಮೆಯಲ್ಲಿ, ಪೋಷಕರ ಕೈಗೆ ಕೊಟ್ಟ ಶಿಕ್ಷಣ ಚೀಟಿಯನ್ನು ಅವರು ಧಾರ್ಮಿಕ ಶಾಲೆಯಲ್ಲೂ ಬಳಸಬಹುದೆಂದು ನ್ಯಾಯಾಲಯ ಹೇಳಿತು. ಸಾರ್ವಜನಿಕ ಹಣ ಧರ್ಮದ ಶಾಲೆಗೆ ಸಲ್ಲಬೇಕೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎರಡೂ ಕಡೆಯ ವಾದದಲ್ಲಿ ತೂಕವಿದೆ.

ಇದೇ ಭಾಗದಲ್ಲಿ ನೋವಿನ ಒಂದು ಪುಟವನ್ನೂ ಹೇಳದೆ ಬಿಡಲಾಗದು. ಶಾಲೆಯಲ್ಲಿ ಸೇವೆಗೆ ಬರುವ ಪ್ರತಿಯೊಬ್ಬ ಪೋಷಕರೂ ಪೊಲೀಸು ದಾಖಲೆಯ ತಪಾಸಣೆಗೆ ಒಳಗಾಗಿ, ಮಕ್ಕಳ ರಕ್ಷಣೆಯ ತರಬೇತಿಯನ್ನು ಪಡೆಯಬೇಕೆಂದು ಕೈಪಿಡಿ ಹೇಳುತ್ತದೆ. ಪಾದ್ರಿಗಳಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನೂ ಅದನ್ನು ಮುಚ್ಚಿಟ್ಟ ಬಗೆಯನ್ನೂ 2002ರಲ್ಲಿ ಬಾಸ್ಟನ್ನಿನ ಪತ್ರಿಕೆ ಬಯಲಿಗೆಳೆದ ಮೇಲೆ, ಆ ವರ್ಷ ಜೂನ್ ತಿಂಗಳಲ್ಲಿ ಬಿಷಪ್ಪರು ಡಾಲಸ್ ನಗರದಲ್ಲಿ ಸೇರಿ ಅಂಗೀಕರಿಸಿದ ಸನದಿನ ಫಲ ಇದು. ತರಬೇತಿಗೆ ಹೋಗಿ ಕುಳಿತು ಬರುವುದು ಬೇಸರದ ಕೆಲಸವೆಂದು ಯಾರಿಗಾದರೂ ಅನಿಸಿದರೆ, ಆ ನಿಯಮ ಇಲ್ಲದಿದ್ದ ಕಾಲದಲ್ಲಿ ಮಕ್ಕಳು ತೆತ್ತ ಬೆಲೆಯನ್ನು ನೆನೆಯಬೇಕು.

ವೇಳಾಪಟ್ಟಿಯೆಂಬ ಪಂಚಾಂಗ

ಈಗ ಕೈಪಿಡಿಯ ಕೊನೆಯ ಪುಟಗಳಿಗೆ ಬರೋಣ. ಸುಮಾರು 180 ದಿನಗಳ ಪಾಠ, ಮೂರು ತಿಂಗಳಿಗೊಮ್ಮೆ ಅಂಕಪಟ್ಟಿ, ಪೋಷಕರ ಭೇಟಿ — ಇವು ಎಲ್ಲ ಶಾಲೆಗಳಿಗೂ ಸಮಾನ. ಆದರೆ ಈ ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಹೆಣೆದುಕೊಂಡಿದೆ. ಅದು ಚರ್ಚಿನ ಪಂಚಾಂಗ. ಹಬ್ಬಹುಣ್ಣಿಮೆಗಳ ಲೆಕ್ಕದಲ್ಲಿ ಬೆಳೆದ ನಮಗೆ ಅದು ಅಪರಿಚಿತವೆನಿಸುವುದಿಲ್ಲ.

ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಮಂಗಳೂರಿನ ಕ್ಯಾಥೊಲಿಕರು ಅಂದು ಮೊಂತಿ ಹಬ್ಬವೆಂದು ಹೊಸ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿಯ ಬೆಸಿಲಿಕದಲ್ಲಿ ಅಂದು ಎಲ್ಲ ಮತದವರೂ ಸೇರುತ್ತಾರೆ. ಅಕ್ಟೋಬರ್ 4ರಂದು ಅಸ್ಸಿಸಿಯ ಸಂತ ಫ್ರಾನ್ಸಿಸ್ಸರ ಹಬ್ಬಕ್ಕೆ ಮಕ್ಕಳು ನಾಯಿ, ಬೆಕ್ಕು, ಆಮೆಗಳನ್ನು ತಂದು ಆಶೀರ್ವಾದ ಮಾಡಿಸುತ್ತಾರೆ. ಸಂಕ್ರಾಂತಿಯ ದಿನ ದನಕರುಗಳ ಮೈತೊಳೆದು ಸಿಂಗರಿಸುವ ನಾಡಿನಿಂದ ಬಂದ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನವೆಂಬರ್ 1 ಸಕಲ ಸಂತರ ಹಬ್ಬ. ಅನೇಕ ಶಾಲೆಗಳಲ್ಲಿ ಚಿಕ್ಕ ಮಕ್ಕಳು ಸಂತರ ವೇಷ ಧರಿಸಿ ಬಲಿಪೂಜೆಗೆ ಬರುತ್ತಾರೆ. 1956ರಿಂದ ಆ ದಿನವೇ ನಮ್ಮ ರಾಜ್ಯೋತ್ಸವವೂ ಹೌದು. ಒಂದೇ ದಿನ ಬೆಳಿಗ್ಗೆ ಸಂತನ ಜುಬ್ಬವನ್ನೂ ಸಂಜೆ ಹಳದಿ ಕೆಂಪು ಶಾಲನ್ನೂ ಹೊಲಿದು ಸಿದ್ಧಪಡಿಸುವ ಯೋಗ ನನಗೆ ಹಲವು ವರ್ಷ ಒದಗಿತ್ತು. ಡಿಸೆಂಬರ್ 6ರಂದು ಸಂತ ನಿಕೋಲಾಸನ ಹಬ್ಬಕ್ಕೆ ತರಗತಿಯ ಹೊರಗೆ ಬಿಟ್ಟ ಬೂಟುಗಳಲ್ಲಿ ಮಿಠಾಯಿ ಕಾಣಿಸಿಕೊಳ್ಳುತ್ತದೆ. ಇದು ಜರ್ಮನ್ ವಲಸಿಗರು ತಂದ ಪದ್ಧತಿ. ಮಾರ್ಚ್ 17 ಐರಿಷರ ಸಂತ ಪ್ಯಾಟ್ರಿಕ್, 19 ಸಿಸಿಲಿಯವರು ಊಟದ ಮೇಜನ್ನು ಸಿಂಗರಿಸುವ ಸಂತ ಜೋಸೆಫ್. ಹೀಗೆ ವೇಳಾಪಟ್ಟಿಯ ಒಂದೊಂದು ಚೌಕದಲ್ಲೂ ಒಂದೊಂದು ದೇಶದ ನೆನಪು ಕುಳಿತಿದೆ.

ಜನವರಿಯ ಕೊನೆಯ ಭಾನುವಾರ ಕ್ಯಾಥೊಲಿಕ್ ಶಾಲಾ ಸಪ್ತಾಹ ಆರಂಭವಾಗುತ್ತದೆ. 1974ರಿಂದ ನಡೆದುಬಂದ ಪದ್ಧತಿ ಇದು. ಹೊಸ ಕುಟುಂಬಗಳು ಶಾಲೆಯನ್ನು ನೋಡಲು ಬರುವುದೂ ಮುಂದಿನ ವರ್ಷದ ದಾಖಲಾತಿ ತೊಡಗುವುದೂ ಬಹುಮಟ್ಟಿಗೆ ಆಗಲೇ. ಅನಂತರ ಬರುವುದು ವಿಭೂತಿ ಬುಧವಾರ. ಕನ್ನಡ ಕ್ರೈಸ್ತರು ಇಟ್ಟ ಈ ಹೆಸರು ಎಷ್ಟು ಅರ್ಥಪೂರ್ಣ! ಹಣೆಯ ಮೇಲೆ ಬೂದಿಯ ಗುರುತು ಹೊತ್ತು ಮಕ್ಕಳು ಅಂದು ಮನೆಗೆ ಬರುತ್ತಾರೆ. ಅಲ್ಲಿಂದ ಈಸ್ಟರ್‌ವರೆಗೆ 46 ದಿನಗಳು. ನಡುವಿನ ಆರು ಭಾನುವಾರಗಳನ್ನು ಕಳೆದರೆ 40 ದಿನಗಳ ತಪಸ್ಸುಕಾಲ. ಮಾರ್ಚ್ 21ರಂದು ಅಥವಾ ಅದರ ತರುವಾಯ ಬರುವ ಹುಣ್ಣಿಮೆಯ ನಂತರದ ಭಾನುವಾರ ಈಸ್ಟರ್. ಆದುದರಿಂದ ಅದು ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಓಡಾಡುತ್ತದೆ. ನಮ್ಮ ಯುಗಾದಿಯಂತೆ ಇದೂ ಚಂದ್ರನನ್ನು ನಂಬಿದ ಹಬ್ಬ. ಈ ವರ್ಷ ಇಷ್ಟು ಬೇಗ ಏಕೆಂದು ಕೇಳುವ ಮಗುವಿಗೆ ಎರಡು ಹಬ್ಬಗಳ ಲೆಕ್ಕವನ್ನೂ ಒಟ್ಟಿಗೆ ಹೇಳಿಕೊಡಬಹುದು.

ತಪಸ್ಸುಕಾಲದ ಶುಕ್ರವಾರಗಳಂದು ಶಾಲೆಯ ಊಟದಲ್ಲಿ ಮಾಂಸವಿರುವುದಿಲ್ಲ. ನಮ್ಮ ಸಸ್ಯಾಹಾರಿ ಮಕ್ಕಳಿಗೆ ಅವು ನೆಮ್ಮದಿಯ ದಿನಗಳು. 1966ರವರೆಗೆ ವರ್ಷದ ಎಲ್ಲ ಶುಕ್ರವಾರಗಳಿಗೂ ಈ ನಿಯಮವಿತ್ತು. ಆ ವರ್ಷ ಬಿಷಪ್ಪರು ಅದನ್ನು ಸಡಿಲಿಸಿದರು. ಶುಕ್ರವಾರ ವ್ಯಾಪಾರವೇ ಇಲ್ಲವೆಂದು ಸಿನ್ಸಿನಾಟಿಯ ಮೆಕ್‌ಡೊನಾಲ್ಡ್ಸ್ ಮಾಲೀಕರೊಬ್ಬರು 1962ರಲ್ಲಿ ಮೀನಿನ ಸ್ಯಾಂಡ್‌ವಿಚ್ಚನ್ನು ಕಂಡುಹಿಡಿದದ್ದು ಈ ವ್ರತದ ಫಲ. ಈಗಲೂ ಆ ಶುಕ್ರವಾರಗಳ ಸಂಜೆ ಶಾಲೆಯ ಸಭಾಂಗಣದಲ್ಲಿ ಮೀನು ಕರಿದು ಮಾರಿ ಶಾಲೆಗೆ ಹಣ ಕೂಡಿಸುವರು; ಬಾಣಲೆಯ ಮುಂದೆ ನಿಂತವರು ಸೇವೆಯ ಗಂಟೆಗಳನ್ನು ಪೂರೈಸುತ್ತಿರುವ ತಂದೆತಾಯಿಯರು. ವಸಂತದಲ್ಲಿ ಎರಡನೆಯ ತರಗತಿಯ ಮಕ್ಕಳಿಗೆ ಪ್ರಥಮ ಪರಮಪ್ರಸಾದ. ಎರಡನೆಯ ತರಗತಿಯೇ ಏಕೆಂದರೆ, ಏಳು ವರ್ಷದ ಸುಮಾರಿಗೆ ಮಗುವಿಗೆ ವಿವೇಕ ಬರುತ್ತದೆಂದು 1910ರಲ್ಲಿ ಹತ್ತನೆಯ ಪಯಸ್ ಪೋಪರು ನಿರ್ಣಯಿಸಿದ್ದರು. ಅನ್ಯಮತೀಯ ಮಕ್ಕಳು ಬಲಿಪೂಜೆಯಲ್ಲಿ ಕುಳಿತಿರುತ್ತಾರೆ. ಪ್ರಸಾದದ ಸಾಲಿನಲ್ಲಿ ಎದೆಯ ಮೇಲೆ ಕೈಗಳನ್ನು ಅಡ್ಡವಾಗಿಟ್ಟು ನಿಂತರೆ ಪಾದ್ರಿಗಳು ಆಶೀರ್ವಾದ ಮಾತ್ರ ಮಾಡುತ್ತಾರೆ. 1970ರಲ್ಲಿ ಇಂಥ ಮಕ್ಕಳು ನೂರಕ್ಕೆ ಮೂವರೂ ಇರಲಿಲ್ಲ. ಇಂದು ಐವರಲ್ಲಿ ಒಬ್ಬರಷ್ಟಿದ್ದಾರೆ.

ಭಾಷೆ ಹೋಯಿತು, ಪಂಚಾಂಗ ಉಳಿಯಿತು

ಈ ಚರಿತ್ರೆಯಲ್ಲಿ ಕನ್ನಡಿಗರು ನಿಂತು ಓದಬೇಕಾದ ಪುಟ ಭಾಷೆಯದು. ಜರ್ಮನರು, ಪೋಲರು, ಕೆನಡದಿಂದ ಬಂದ ಫ್ರೆಂಚರು ಶಾಲೆ ಕಟ್ಟಿದ್ದು ಮತಕ್ಕಾಗಿ ಮಾತ್ರವಲ್ಲ, ನುಡಿಗಾಗಿಯೂ ಹೌದು. ಮಿಲ್ವಾಕಿ, ಸಿನ್ಸಿನಾಟಿ, ಸೇಂಟ್ ಲೂಯಿಸ್ ನಗರಗಳಲ್ಲಿ ಜರ್ಮನ್, ಷಿಕಾಗೋದಲ್ಲಿ ಪೋಲಿಷ್, ನ್ಯೂ ಇಂಗ್ಲೆಂಡಿನ ಗಿರಣಿ ಪಟ್ಟಣಗಳಲ್ಲಿ ಫ್ರೆಂಚ್ ಭಾಷೆಗಳಲ್ಲಿ ಪಾಠ ನಡೆಯುತ್ತಿತ್ತು. ಭಾಷೆಯನ್ನು ಕಳೆದುಕೊಂಡವನು ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ ಎಂಬುದು ಆ ಫ್ರೆಂಚರ ನಾಣ್ಣುಡಿ. 1889ರಲ್ಲಿ ವಿಸ್ಕಾನ್ಸಿನ್ ರಾಜ್ಯ ಎಲ್ಲ ಶಾಲೆಗಳಲ್ಲೂ ಮುಖ್ಯ ವಿಷಯಗಳನ್ನು ಇಂಗ್ಲಿಷಿನಲ್ಲೇ ಕಲಿಸಬೇಕೆಂದು ಕಾನೂನು ಮಾಡಿದಾಗ, ಪರಸ್ಪರ ಮಾತನಾಡದಿದ್ದ ಜರ್ಮನ್ ಕ್ಯಾಥೊಲಿಕರೂ ಲೂಥರನರೂ ಒಂದಾಗಿ 1890ರ ಚುನಾವಣೆಯಲ್ಲಿ ಗವರ್ನರನ್ನೇ ಸೋಲಿಸಿದರು. 1891ರಲ್ಲಿ ಕಾನೂನು ರದ್ದಾಯಿತು.

1917ರಲ್ಲಿ ಅಮೆರಿಕ ಮಹಾಯುದ್ಧಕ್ಕಿಳಿದ ಮೇಲೆ ಗಾಳಿ ತಿರುಗಿತು. ಜರ್ಮನ್ ಮಾತನಾಡುವುದೇ ದ್ರೋಹವೆನಿಸಿತು. ನೆಬ್ರಾಸ್ಕ ರಾಜ್ಯ 1919ರಲ್ಲಿ, ಎಂಟನೆಯ ತರಗತಿ ಮುಗಿಯುವ ಮುನ್ನ ಮಕ್ಕಳಿಗೆ ಪರಭಾಷೆ ಕಲಿಸಕೂಡದೆಂದು ವಿಧಿಸಿತು. ಲೂಥರನ್ ಶಾಲೆಯೊಂದರ ಶಿಕ್ಷಕ ರಾಬರ್ಟ್ ಮೇಯರ್ ಹತ್ತು ವರ್ಷದ ಬಾಲಕನೊಬ್ಬನಿಗೆ ಜರ್ಮನ್ ಓದಿಸಿದ ಅಪರಾಧಕ್ಕಾಗಿ ದಂಡನೆಗೆ ಗುರಿಯಾದರು. 1923ರ ಜೂನ್ 4ರಂದು ಸುಪ್ರೀಂ ಕೋರ್ಟು ಆ ದಂಡನೆಯನ್ನು ತಳ್ಳಿಹಾಕಿತು. ತಮ್ಮ ಮಕ್ಕಳಿಗೆ ತಮಗೆ ಬೇಕಾದ ಭಾಷೆಯನ್ನು ಕಲಿಸುವ ಸ್ವಾತಂತ್ರ್ಯ ಈ ದೇಶದ ಪೋಷಕರಿಗಿದೆಯೆಂದು ಅಂದು ಸ್ಥಿರವಾಯಿತು. ಭಾನುವಾರ ಬೆಳಿಗ್ಗೆ ಬಾಡಿಗೆಯ ಕೋಣೆಯಲ್ಲಿ ‘ಅ ಆ ಇ ಈ’ ಬರೆಯಿಸುವ ನಮ್ಮ ಕನ್ನಡ ಶಿಕ್ಷಕಿಯರು ಆ ತೀರ್ಪಿನ ನೆರಳಿನಲ್ಲಿ ಕುಳಿತಿದ್ದಾರೆ.

ಎಲ್ಲ ಭಾಷೆಗಳಿಗೂ ಈ ನೆರಳು ದೊರೆಯಲಿಲ್ಲ ಎಂಬುದನ್ನೂ ಹೇಳಬೇಕು. ಈ ನೆಲದ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ದೂರವಿರಿಸಿ, ಅವರ ನುಡಿಯನ್ನು ಅಡಗಿಸಿದ ವಸತಿಶಾಲೆಗಳಲ್ಲಿ ಸರ್ಕಾರದವೂ ಇದ್ದವು, ಕ್ಯಾಥೊಲಿಕ್ ಸಭೆಗಳವೂ ಇದ್ದವು. 2024ರಲ್ಲಿ ಅಮೆರಿಕದ ಬಿಷಪ್ಪರು ಅದಕ್ಕಾಗಿ ಕ್ಷಮೆ ಕೇಳಿದರು. ತಮ್ಮ ಮಕ್ಕಳ ಭಾಷೆಗಾಗಿ ಹೋರಾಡಿದ ಜನವೇ ಇನ್ನೊಬ್ಬರ ಮಕ್ಕಳ ಭಾಷೆಯ ವಿಷಯದಲ್ಲಿ ಹೀಗೆ ನಡೆದುಕೊಂಡದ್ದು ನಮಗೂ ಒಂದು ಎಚ್ಚರಿಕೆ.

ಹಕ್ಕು ದೊರೆತರೂ ಭಾಷೆ ಉಳಿಯಿತೇ? ಉಳಿಯಲಿಲ್ಲ. 1924ರ ಕಾನೂನು ದಕ್ಷಿಣ ಮತ್ತು ಪೂರ್ವ ಯೂರೋಪಿನ ವಲಸೆಯನ್ನು ಬಹಳವಾಗಿ ಕಡಿತಗೊಳಿಸಿತು. ಊರಿನಿಂದ ಹೊಸಬರು ಬರುವುದು ನಿಂತಿತು. ಮೊಮ್ಮಕ್ಕಳಿಗೆ ಅಜ್ಜಿಯ ಮಾತು ಪ್ರಾರ್ಥನೆಯ ನಾಲ್ಕು ಸಾಲುಗಳಷ್ಟೇ ಉಳಿದು, ಆಮೇಲೆ ಅದೂ ಹೋಯಿತು. ಆದರೆ ನಾಣ್ಣುಡಿ ಹೇಳಿದಂತೆ ನಂಬಿಕೆ ಭಾಷೆಯ ಜೊತೆಯಲ್ಲಿಯೇ ಹೋಗಲಿಲ್ಲ. 1960ರ ದಶಕದ ಆರಂಭದಲ್ಲಿ, ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳಿಂದ ತುಂಬಿದ್ದ ಸುಮಾರು 13,000 ಕ್ಯಾಥೊಲಿಕ್ ಶಾಲೆಗಳಲ್ಲಿ 52 ಲಕ್ಷ ವಿದ್ಯಾರ್ಥಿಗಳಿದ್ದರು. ಭಾಷೆ ಬಿಟ್ಟುಹೋದ ಜಾಗದಲ್ಲಿ ಅವರನ್ನು ಹಿಡಿದಿಟ್ಟದ್ದು ಆ ಪಂಚಾಂಗ, ಆ ಶುಕ್ರವಾರದ ಊಟ, ಆ ಸೇವೆಯ ಗಂಟೆಗಳು.

ಅದೂ ಶಾಶ್ವತವಾಗಲಿಲ್ಲ. ನಗರಗಳಿಂದ ಜನ ಉಪನಗರಗಳಿಗೆ ಹೋದರು, ಸನ್ಯಾಸಿನಿಯರು ಕಡಿಮೆಯಾದರು, ಶುಲ್ಕ ಏರಿತು. ಈಗ 6,000ಕ್ಕಿಂತ ಕಡಿಮೆ ಶಾಲೆಗಳಲ್ಲಿ ಸುಮಾರು 17 ಲಕ್ಷ ಮಕ್ಕಳಿದ್ದಾರೆ. ನನ್ನ ಮಕ್ಕಳು ಓದಿದ ಶಾಲೆಯೂ ನೆರೆಯ ಧರ್ಮಕೇಂದ್ರದ ಶಾಲೆಯೊಂದಿಗೆ ಸೇರಿಹೋಗಿದೆ. ನಮ್ಮವರು ಈ ದೇಶಕ್ಕೆ ಹೆಚ್ಚಾಗಿ ಬರಲು ದಾರಿ ತೆರೆದದ್ದು 1965ರ ವಲಸೆ ಕಾನೂನು. ಅವರ ಶಾಲೆಗಳು ಶಿಖರದಿಂದ ಇಳಿಯತೊಡಗಿದ ಕಾಲಕ್ಕೆ ನಾವು ಬಂದಿಳಿದೆವು.

ಅವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅವರಿಗೆ ಭಾಷೆ ಹೋದರೂ ಚರ್ಚು ಇತ್ತು. ಕನ್ನಡಿಗರಲ್ಲಿ ಹಿಂದುಗಳಿದ್ದಾರೆ, ವೀರಶೈವ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮುಸಲ್ಮಾನರಿದ್ದಾರೆ, ‘ಧರ್ಮಕೇಂದ್ರ’ ‘ವಿಭೂತಿ ಬುಧವಾರ’ ಎಂಬ ಮಾತುಗಳನ್ನು ನಮಗೆ ಕೊಟ್ಟ ಕ್ರೈಸ್ತರಿದ್ದಾರೆ. ನಮ್ಮೆಲ್ಲರನ್ನೂ ಒಂದು ಸಭಾಂಗಣದಲ್ಲಿ ಕೂಡಿಸಿರುವುದು ಕನ್ನಡವೊಂದೇ. ಅದು ಹೋದರೆ ಹಿಡಿದುಕೊಳ್ಳಲು ನಮಗೆ ಎರಡನೆಯ ಆಸರೆಯಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಸಮ್ಮೇಳನ ಸಂತೋಷವನ್ನು ಕೊಡುತ್ತದೆ. ಅದರ ನಡುವಿನ ನೂರು ಭಾನುವಾರಗಳನ್ನು ಅದು ತುಂಬಲಾರದು. ಆ ಐರಿಷ್, ಪೋಲಿಷ್ ತಾಯಂದಿರು ನಮಗೆ ಬಿಟ್ಟುಹೋದ ಪಾಠ ಇದೇ: ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ, ಸಮುದಾಯ ವಾರಕ್ಕೊಮ್ಮೆ ಕಟ್ಟಬೇಕಾದದ್ದು.

ನಮ್ಮ ಕನ್ನಡ ಶಾಲೆಗಳೂ ತಮ್ಮದೊಂದು ಕೈಪಿಡಿಯನ್ನು ಬರೆದುಕೊಳ್ಳುವುದು ಒಳ್ಳೆಯದು. ಅದು ದಪ್ಪವಾಗಿರಬೇಕಾಗಿಲ್ಲ. ಆಗಸ್ಟಿನಿಂದ ಜೂನ್‌ವರೆಗಿನ ಪಾಠದ ದಿನಗಳು, ನವೆಂಬರ್ 1ರಂದು ಮಕ್ಕಳೇ ನಡೆಸಬೇಕಾದ ಸಭೆ, ಯುಗಾದಿಯಂದು ಅವರೇ ಓದಬೇಕಾದ ಪಂಚಾಂಗ, ವಾರಕ್ಕೊಂದು ಹೊತ್ತಿನ ಊಟ ಕನ್ನಡದಲ್ಲೇ ಎಂಬ ನಿಯಮ, ಪ್ರತಿ ಮನೆಯಿಂದ ವರ್ಷಕ್ಕೆ ಇಪ್ಪತ್ತು ಗಂಟೆಗಳ ಸೇವೆ. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ನನ್ನಂಥವರ ಹೆಸರೂ ಆ ಸೇವೆಯ ಪಟ್ಟಿಯಲ್ಲಿರಲಿ. ಧರ್ಮಕೇಂದ್ರದ ಶಾಲೆಯನ್ನು ಅಷ್ಟು ಕಾಲ ನಡೆಸಿದ ಲಕೋಟೆಗಳಲ್ಲಿ ಮಕ್ಕಳಿಲ್ಲದವರ ಕಾಣಿಕೆಯೂ ಇತ್ತಲ್ಲವೇ?